ನಗಿಸಿದಾಕಿಯ ಪಾಲು

ಕೂದಲಿನ ಶೆಡ್ಡಿನ್ಯಾಗ ಫ್ಯಾನ್ ಇರಂಗಿಲ್ರಿ. ಕೊಪ್ಪಳದ ಬ್ಯಾಸಗಿ ಕಂಡೋರು ಇದನ್ನ ಕೇಳಿ "ಒಂದು ಫ್ಯಾನ್ ಹಚ್ಚಾಕ ಏನ್ ಧಾಡಿ ನಿಮಗ" ಅಂತ ಬೈತಾರ. ಬೈಲಿ. ಒಂದು ಸಲ ಹಚ್ಚಿ ನೋಡಿದ್ರ ಗೊತ್ತಾಗತೈತಿ. ಮುಂಜಾನಿಂದ ಆರಿಸಿಟ್ಟ ಕೂದಲಾ ಎದ್ದು ಮೂಗಿನ್ಯಾಗ, ಬಾಯಾಗ, ಬುತ್ತಿ ಗಂಟಿನ್ಯಾಗ ಹೊಕ್ಕು ಕುಂಡರತೈತಿ. ಅದಕ್ಕ ಭಾಗ್ಯನಗರದ ಪ್ರವೀಣಕುಮಾರನ ಶೆಡ್ಡಿನ್ಯಾಗ ಹೆಣಮಕ್ಕಳು ತಗಡಿನ ಕೆಳಗ ಬೇಯಕೋತ, ಸೆರಗಿಲೆ ಬೆವರು ಒರಸಿಕೋತ ಕೆಲಸಾ ಮಾಡತಾರ. ಊರೂರಿಂದ ಬಂದ ಬಾಚಣಿಕಿ ಕೂದಲಿನ ಉಂಡಿ ಬಿಡಸೂದು, ಸಿಕ್ಕು ತಗಿಯೂದು, ಕರೀದ್ರಾಗಿಂದ ಬಿಳಿ ಎಳಿ ಹೆಕ್ಕೂದು, ಉದ್ದಂದು ಒಂದು ಕಡೆ, ಗಿಡ್ಡಂದು ಒಂದು ಕಡೆ ಮಾಡೂದು. ಮುಂದ ಅದು ಯಾವ ದೇಶದ ಯಾವ ಬೋಡ ತಲೀ ಮ್ಯಾಲ ಹೋಗಿ ಕುಂಡರತೈತೋ ಆ ಗವಿಸಿದ್ದಪ್ಪಗ ಗೊತ್ತು. ಕೈಗೆ ಪುರಸೊತ್ತಿಲ್ಲ, ಬಾಯಿಗೆ ಕೆಲಸಿಲ್ಲ. ಫ್ಯಾನಿನ ಸಪ್ಪಳಾನೂ ಇಲ್ದಕ್ಕ ಒಬ್ಬಾಕಿ ಮೆಲ್ಲಗ ಮಾತಾಡಿದ್ರೂ ಮೂಲಿ ತನಕ ಕೇಳಸತೈತಿ.

ಆ ಮಾತಾಡಾಕಿ ಅಂದ್ರ ಯಂಕವ್ವ. ಅರವತ್ತು ದಾಟಿದ ಜೀವ. ಹೇಮಗುಡ್ಡದ ಕಡೆ ಹುಟ್ಟಿದಾಕಿ, ಈಗ ಭಾಗ್ಯನಗರದಾಗ ತಂಗಿ ಮನ್ಯಾಗ ಇರತಿದ್ಲು. ದುಡದು ತಿಂತೀನಿ, ಯಾರ ಹಂಗಿನ್ಯಾಗೂ ಇಲ್ಲ ಅನ್ನೂ ಸೊಕ್ಕು ಒಂದಿತ್ತು, ಅದು ಬಿಟ್ರ ಬ್ಯಾರೆ ಆಸ್ತಿ ಇರಲಿಲ್ಲ. ರಾತ್ರಿ ಟೀವಿಯೊಳಗ ಬಂದ ಧಾರಾವಾಹಿನ್ನ ಮರುದಿನ ಮುಂಜಾನಿ ಶೆಡ್ಡಿನ್ಯಾಗ ಹೇಳಾಕಿ. ಹೇಳೂದಂದ್ರ ಬರೇ ಹೇಳೂದಲ್ಲ, ಧಾರಾವಾಹಿದು ಚರ್ಮ ಸುಲಿಯಾಕಿ.

"ಆ ಸೊಸಿ ಬಾಗಲಾ ತಗಿಯಾಕತ್ಯಾಳವ್ವ. ಸೋಮಾರ ಕೈ ಹಚ್ಯಾಳ, ಇವತ್ತ ಬುಧವಾರ, ಇನ್ನೂ ತಗಿಯಾಕತ್ಯಾಳ. ನಮ್ಮ ಮನಿ ಬಾಗಲಾ ಹಿಂಗ ತಗದ್ರ ಓಣಿ ನಾಯಿ ಒಳಗ ಹೊಕ್ಕು, ರೊಟ್ಟಿ ಕಚ್ಚಿಕೊಂಡು, ಹೊರಗ ಹೋಗಿ, ತಿಂದು, ನೀರು ಕುಡ್ಯಾಕ ತಿರುಗಿ ಬರತಿತ್ತು." ಎಲ್ಲಾರೂ ನಗೂ ಮುಂದ ಆಕಿ ನಗತಿರಲಿಲ್ಲ. ನಗಿ ಇಳಿಯೂ ತನಕ ತಡದು, ಸಾವಕಾಶ ಮುಂದಿಂದು ಬಿಡಾಕಿ. "ಅತ್ತಿ ಹಾಲಿನ್ಯಾಗ ವಿಷ ಹಾಕ್ಯಾಳ. ಆ ಗ್ಲಾಸು ದೇವರಮನಿಗೆ ಹೋತು, ಮಾಳಿಗಿಗೆ ಹೋತು, ಅಂಗಳಕ್ಕ ಬಂತು. ಕುಡ್ಯಾವ್ರು ಒಬ್ರೂ ಇಲ್ಲ. ನಮ್ಮಲ್ಲಾಗಿದ್ರ ಬೆಕ್ಕ ಕುಡದು ಅವತ್ತ ಕಥಿ ಮುಗೀತಿತ್ತು, ನಾವು ಉಂಡು ಮಲಗತಿದ್ವಿ."

ಈ ವಿದ್ಯಾ ಆಕಿಗೆ ಹರೇದಾಗ ಹತ್ತಿದ್ದು. ಆವಾಗ ಗಂಗಾವತಿ ಕಾಲುವಿ ಸೀಮ್ಯಾಗ ಭತ್ತದ ಸಸಿ ಹಚ್ಚಾಕ ಹೋಗಾಕಿ. ಗಂಗಾವತಿ ಟಾಕೀಜಿನ್ಯಾಗ ಸಿನಿಮಾ ನೋಡಿ ಬಂದು ಮರುದಿನ ಮೊಣಕಾಲು ಕೆಸರಿನ್ಯಾಗ ನಿಂತು ಹೀರೋಂದೂ ತಾನ, ವಿಲನ್ನಂದೂ ತಾನ, ಕುದರೀದೂ ತಾನ ಮಾಡಿ ತೋರಸಾಕಿ. ಹಂಗ ಮಾಡೂ ಮುಂದ ಬಗ್ಗಿ ಸಸಿ ಹಚ್ಚಾಕ ಆಗತೈತೇನು? ಅದಕ್ಕ ಆ ಗುಂಪಿನ್ಯಾಗ ಒಂದು ರೂಢಿ ಬಿದ್ದಿತ್ತು. ಕಥಿ ಹೇಳಾಕಿ ಪಾಲಿನ ಸಸಿ ಸಾಲನ್ನ ಕೇಳೋರು ಹಚ್ಚಬೇಕು. ಆ ರೂಢಿನ್ನ ಯಂಕವ್ವ ತನ್ನ ಜೋಡಿ ಕೂದಲಿನ ಶೆಡ್ಡಿಗೂ ತಂದಿದ್ಲು. ಆಕಿ ಕಥಿ ಹೇಳತಿದ್ರ ಆಜುಬಾಜೂದವರು ಆಕಿ ಮುಂದಿನ ರಾಶಿಯಿಂದ ಒಂದೊಂದು ಮುಷ್ಟಿ ಎಳಕೊಂಡು ತಮ್ಮದ್ರ ಜೋಡಿ ಆರಸತಿದ್ರು. ಯಾರೂ ಯಾರಿಗೂ ಹೇಳತಿರಲಿಲ್ಲ. ನಕ್ಕರ ಸಾಕು, ಕೈ ತಾನ ಹೋಗತಿತ್ತು. ಸಂಜೀಕ ಯಂಕವ್ವನ ಕಟ್ಟು ಎಲ್ಲಾರಕಿಂತ ಮೊದಲ ರೆಡಿ ಆಗಿರತಿತ್ತು.

ಕವಿತಾ ಈ ಶೆಡ್ಡಿಗೆ ಬಂದು ಭಾಳ ದಿನ ಆಗಿರಲಿಲ್ಲ. ಯಲಬುರ್ಗಾದಾಕಿ. ಗಂಡ ಮಲ್ಲೇಶ ಗೂಡ್ಸ್ ಗಾಡಿ ಹೊಡೀತಿದ್ದ. ಪಿಯುಸಿ ಪಾಸಾದಾಕಿ, ಓದೂ ಹುಚ್ಚು ಭಾಳ, ಓದಾಕ ಸಿಕ್ಕಿದ್ದು ಕಡಿಮಿ. ಆಕಿಗೂ ತಲ್ಯಾಗ ನೂರು ಮಾತು ಹುಟ್ಟತಿದ್ದವು, ಬಾಯಿ ತನಕ ಒಂದೂ ಬರತಿರಲಿಲ್ಲ. ಶೆಡ್ಡಿನ್ಯಾಗ ಆಕಿ ಹೆಸರು ಸೈತ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ, "ಯಲಬುರ್ಗಿಯಾಕಿ" ಅಂತಿದ್ರು. ಮಂದಿ ಎಲ್ಲಾ ಯಂಕವ್ವನ ಮಾರಿ ನೋಡಕೋತ ಕುಂತಿದ್ದನ್ನ ನೋಡಿ ಆಕಿಗೆ ಆಸೆ ಆಗತಿತ್ತು. ಒಂದಿನ, ಬರೇ ಒಂದಿನ, ನನ್ನಿಂದನೂ ಇವರು ಹಿಂಗ ನಗಬೇಕು ಅನಸತಿತ್ತು. ಯಂಕವ್ವನ ರಾಶಿಯಿಂದ ಆಕೀನೂ ಮುಷ್ಟಿ ಎಳಕೋತಿದ್ಲು. ಯಾಕಂತ ಕೇಳಿರಲಿಲ್ಲ. ಮಂದಿ ಎಳೀತಾರ, ನಾನೂ ಎಳೀತೀನಿ, ಒಂದು ಆಟಾ ಇರಬೇಕು ಅಂತ ತಿಳದಿದ್ಲು.

ಆಸೆ ಅನ್ನೂದು ಹೆಂಗ ಬಂದು ಬಾಗಲಾ ಬಡೀತೈತಿ ನೋಡ್ರಿ. ತಮ್ಮನ ಮಗಳಿಗೆ ಹೆಸರಿಡೂ ಕಾರ್ಯಕ್ಕ ಯಲಬುರ್ಗಾಕ್ಕ ಹೋದಾಕಿ ತಿರುಗಿ ಕೊಪ್ಪಳ ಬಸ್ಸಿಗೆ ಕುಂತಿದ್ಲು. ಅದರ ಹಿಂದಿನ ವಾರ ಮಲ್ಲೇಶ ಫೋನಿಗೆ ಹೊಸಾ ರಿಚಾರ್ಜ್ ಹಾಕಿಸಿದ್ದ. ಅದ್ರ ಜೋಡಿ ಪುಸ್ತಕಾ ಓದಿ ಹೇಳೂ ಒಂದು ಆ್ಯಪ್ ಪುಗಸೆಟ್ಟೆ ಬಂದಿತ್ತು. ಅತ್ತಿಗೆ ಕೇಳಸಾಕ ಒಂದು ಪ್ರವಚನ ಹುಡುಕೋಣ ಅಂತ ಕವಿತಾ ಇಯರ್‌ಫೋನ್ ಕಿವಿಗೆ ಸಿಗಿಸಿಕೊಂಡು ಫೋನಿನ ಮ್ಯಾಲ ಬೆರಳು ಇಡೂದಕ್ಕೂ, ಕುಕನೂರ ದಾಟಿ ಬಸ್ಸು ಹಂಪ್ ಮ್ಯಾಲ ಜಿಗಿಯೂದಕ್ಕೂ ಸರೀ ಆತು. ಬೆರಳು ಪ್ರವಚನದ ಬಾಜೂ ಇದ್ದ ಚಿತ್ರದ ಮ್ಯಾಲ ಬಿತ್ತು. "ಜಾಹೀರಾತಿನ ನಂತರ ಅಳೋಣ" ಅಂತ ಪುಸ್ತಕದ ಹೆಸರು. ಸಿನಿಮಾ, ಧಾರಾವಾಹಿ, ಜಾಹೀರಾತು, ಹಾಡಿನ ಸ್ಪರ್ಧೆ, ಇಂಥಾವುಗಳ ಮ್ಯಾಲ ಬರದ ಹಾಸ್ಯದ ಬರಹಗಳು. ಬರದಾಕಿ ಮೈಸೂರ ಕಡೆಯಾಕಿ ಇರಬೇಕು, ಓದಾಕೀನೂ ಆಕೀನ. ತಂಪಾದ ದನಿ, ಎಲ್ಲೂ ಅವಸರ ಇಲ್ಲ.

"ಧಾರಾವಾಹಿಯ ಮನೆಯಲ್ಲಿ ಹದಿನಾರು ಜನ ಇರುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಮನೆಯ ಸಂಡಾಸು ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಅವರೆಲ್ಲರ ಮುಖ ಸದಾ ಹಾಗೆ ಬಿಗಿದುಕೊಂಡಿರುವುದಕ್ಕೆ ಅದೇ ಕಾರಣ ಇರಬಹುದು."

ಕವಿತಾ ಬಸ್ಸಿನ್ಯಾಗ ಒಬ್ಬಾಕಿನ ಖೊಳ್ಳನ ನಕ್ಕಬಿಟ್ಲು. ಬಾಜೂ ಕುಂತ ಮುದುಕ ಸರದು ಕುಂತ. ಕಂಡಕ್ಟರ್ ತಿರುಗಿ ನೋಡಿದ. ನೋಡಲಿ ಬಿಡು, ಆಕಿಗೆ ಯಾರೂ ಕಾಣವಲ್ರಾಗಿದ್ರು. ತನ್ನ ತಲ್ಯಾಗ ಸುಮ್ಮನ ಸತ್ತು ಹೋಗತಿದ್ದ ಮಾತೆಲ್ಲಾ ಯಾವಾಕಿನೋ ದೂರದಾಕಿ ಹೊರಗ ತಗದು ಝಾಡಿಸಿ ಒಣಗ ಹಾಕಿದಂಗ ಆತು. ಒಂದು ಮುಗೀತು, ಇನ್ನೊಂದು ಹಚ್ಚಿದ್ಲು, ಮತ್ತೊಂದು ಹಚ್ಚಿದ್ಲು. ಇಳಿಯೂ ಸ್ಟಾಪು ದಾಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಇಳದು, ನಡಕೋತ ಮನಿಗೆ ಬಂದ್ಲು. ಅಷ್ಟು ಖುಷಿ ಆಕಿಗೆ ಮದುವಿ ಆದ ಮ್ಯಾಲ ಆಗಿರಲಿಲ್ಲ. ಅದನ್ನ ತಪ್ಪು ಅನ್ನಾಕ ಯಾರಿಗೂ ಬರಂಗಿಲ್ಲ.

ಮುಂದಿನ ವಾರ ಒಂದಿನ ಯಂಕವ್ವ ಕೆಲಸಕ್ಕ ಬರಲಿಲ್ಲ. "ಹುಲಿಗಿಗೆ ದೇವಿ ದರ್ಶನಕ್ಕ ಹೋಗತೀನಿ ಅಂದಿದ್ಲು" ಅಂತ ಇಮಾಮಬಾನು ಹೇಳಿದ್ಲು. ಇಮಾಮಬಾನು ಯಂಕವ್ವನ ಬಾಜೂ ಕುಂಡರಾಕಿ, ಇಬ್ಬರದೂ ಹಳೇ ಗೆಳೆತನ, ಬುತ್ತಿ ಬಿಚ್ಚಿದ್ರ ಒಬ್ಬರದು ಒಬ್ಬರು ತಿನ್ನೂವಂಥಾದ್ದು. ಯಂಕವ್ವ ಇಲ್ಲದ ಶೆಡ್ಡು ಸುಡುಗಾಡಿನಂಗ ಆಗಿತ್ತು. ಮಧ್ಯಾಹ್ನ ಆಗೂದ್ರಾಗ ಎಲ್ಲಾರ ಹೆಗಲು ಜೋತು ಬಿದ್ದಿದ್ದವು.

"ಯಾರರೆ ಏನರೆ ಹೇಳ್ರೇ, ನಿದ್ದಿ ಬರಾಕತ್ತೈತಿ" ಅಂದ್ಲು ಇಮಾಮಬಾನು.

ಕವಿತಾ ಕೂದಲಾ ಕೆಳಗಿಟ್ಟು ಸೆರಗಿಗೆ ಕೈ ಒರಸಿಕೊಂಡ್ಲು. "ಬಾನು ಆಪಾ, ನನ್ನ ಫೋನಿನ್ಯಾಗ ಒಂದೈತಿ, ಹಚ್ಚಲೇನು?" ಅಂತ ಕೇಳಿ, ಯಾರರೆ ಹೂಂ ಅನ್ನೂಕಿಂತ ಮೊದಲ ಫೋನನ್ನ ಒಂದು ಖಾಲಿ ಸ್ಟೀಲ್ ಡಬ್ಬ್ಯಾಗ ನಿಂದ್ರಿಸಿ ಹಚ್ಚಿಬಿಟ್ಲು. ಡಬ್ಬ್ಯಾಗ ದನಿ ದೊಡ್ಡದಾಗಿ ಬರತೈತಿ.

ಸಂಡಾಸದ ಮಾತು ಬಂದ ಕೂಡಲೇ ಶೆಡ್ಡು ಎದ್ದು ಕುಂತಿತು. ಮಹೇಶ್ವರಿ ಅನ್ನೂ ಹುಡುಗಿಯಂತೂ ನಕ್ಕು ನಕ್ಕು ಕೂದಲಿನ ರಾಶಿ ಮ್ಯಾಲ ಉಳ್ಳಾಡಿದ್ಲು. ಬಿಳಿ ಕೋಟ್ ಹಾಕ್ಕೊಂಡು ಹಲ್ಲಿನ ಪೇಸ್ಟ್ ಮಾರೂ ಡಾಕ್ಟರನ ಮ್ಯಾಲ ಒಂದು, ಹಾಡಿನ ಸ್ಪರ್ಧ್ಯಾಗ ಹಾಡಾವ್ರಕಿಂತ ಮೊದಲ ಅಳೂ ಜಡ್ಜುಗಳ ಮ್ಯಾಲ ಒಂದು, ಹತ್ತು ಮಂದಿನ್ನ ಹೊಡದ್ರೂ ಅಂಗಿ ಇಸ್ತ್ರಿ ಮುರೀಲಾರದ ಹೀರೋನ ಮ್ಯಾಲ ಒಂದು. ಸಂಜಿ ಆಗಿದ್ದು ಗೊತ್ತಾಗಲಿಲ್ಲ. ಹೋಗೂ ಮುಂದ ಎಲ್ಲಾರೂ "ಕವಿತಾ, ನಾಳಿ ತಪ್ಪಿಸಬ್ಯಾಡ ಮತ್ತ" ಅಂದ್ರು. ಕವಿತಾ. ಯಲಬುರ್ಗಿಯಾಕಿ ಅಲ್ಲ, ಕವಿತಾ. ಆಕಿ ಅವತ್ತ ಮನಿ ತನಕ ಹೆಂಗ ನಡದ್ಲೋ ಆಕಿಗೆ ಗೊತ್ತಿಲ್ಲ.

ಮರುದಿನ ಯಂಕವ್ವ ಬಂದ್ಲು. ಎಲ್ಲಾರೂ ಮುಗಿಬಿದ್ದು ಹೇಳಿದ್ದ ಹೇಳಿದ್ದು, ನೀನೂ ಕೇಳು ಅಂತ ಹಚ್ಚಿಸಿದ್ದ ಹಚ್ಚಿಸಿದ್ದು. ಯಂಕವ್ವ ತಲಿ ಬಗ್ಗಿಸಿ ಕೇಳಿದ್ಲು. ನಗೂ ಜಾಗಾದಾಗ ನಕ್ಕಳು, ಎಲ್ಲಾರಕಿಂತ ಜೋರಾಗಿ ನಕ್ಕಳು, ಕಣ್ಣಾಗ ನೀರು ಬರೂ ಹಂಗ.

"ಭಾಳ ಛಲೋ ಹೇಳತಾಳವ್ವ ಈ ತಂಗಿ" ಅಂದ್ಲು. ಆಮ್ಯಾಲ ಡಬ್ಬಿ ಸುತ್ತಮುತ್ತ ಕೈ ಆಡಿಸಿ, "ಅಲ್ಲ, ಈಕಿ ಪಾಲಿನ ಕೂದಲಾ ಎಲ್ಲಿಟ್ಟೀರಿ? ತರ್ರಿ ಇತ್ಲಾಗ, ನಾನೂ ಒಂದು ಮುಷ್ಟಿ ಆರಸತೀನಿ" ಅಂದ್ಲು.

ಮಂದಿ ಬಿದ್ದು ಬಿದ್ದು ನಕ್ಕರು. ಕವಿತಾನೂ ನಕ್ಕಳು. ಯಂಕವ್ವ ಆ ಶೆಡ್ಡಿನ್ಯಾಗ ಮಂದಿನ್ನ ಮನಸಾರೆ ನಗಿಸಿದ್ದು ಅದ ಕಡೀ ಸಲ ಅಂತ ಯಾರಿಗೆ ಗೊತ್ತಿತ್ತು?

ಅಲ್ಲಿಂದ ದಿನಾ ಫೋನು. ಮುಂಜಾನಿ ಬಂದು ಕುಂತ ಕೂಡಲೇ "ಹಚ್ಚು ಕವಿತಾ". ಪುಸ್ತಕ ಮುಗದ್ರ ಮತ್ತ ಮೊದಲಿಂದ. ಮಾಲೀಕ ಪ್ರವೀಣಕುಮಾರ ಕೆಟ್ಟ ಮನಿಶಾ ಅಲ್ಲ, ಆದ್ರ ವ್ಯಾಪಾರಸ್ಥ. ಯಂಕವ್ವ ಹೇಳೂ ಮುಂದ ಹೆಣಮಕ್ಕಳು ನಡುನಡುವ ಕೈ ನಿಂದ್ರಿಸಿ ಆಕಿ ಮಾರಿ ನೋಡತಿದ್ರು, ಫೋನಿಗೆ ಮಾರಿ ಎಲ್ಲೈತಿ? ಕಿವಿ ಅತ್ಲಾಗ, ಕಣ್ಣು ಕೆಲಸದಾಗ. "ಇದು ಭಾಳ ಛಲೋ ಆತು ನೋಡವ್ವ ಕವಿತಾ" ಅಂತ ಅಂವ ಮನಿಯಿಂದ ಒಂದು ಸ್ಪೀಕರ್ ತಂದು ಮೂಲ್ಯಾಗ ಇಟ್ಟ. ಒಂದೆರಡು ಸಲ ಯಂಕವ್ವ "ನಿನ್ನಿ ರಾತ್ರಿ ಆ ಸೊಸಿ..." ಅಂತ ಚಾಲೂ ಮಾಡಿದ್ಲು. "ಆಯಿ, ತಡಿ, ಇದೊಂದು ಮುಗೀಲಿ" ಅಂದ್ರು. ಮುಗದ ಮ್ಯಾಲ ಇನ್ನೊಂದು ಚಾಲೂ ಆತು. ಯಂಕವ್ವ ಆಮ್ಯಾಲ ಚಾಲೂ ಮಾಡೂದನ್ನ ಬಿಟ್ಲು.

ಇನ್ನೊಂದು ನಿಂತಿತು. ಅದು ನಿಂತಿದ್ದನ್ನ ಯಾರೂ ನೋಡಲಿಲ್ಲ. ಯಂಕವ್ವನ ರಾಶಿಗೆ ಯಾರ ಕೈಯೂ ಹೋಗಲಿಲ್ಲ. ಬ್ಯಾಡ ಅಂತ ಅಲ್ಲ, ಸಿಟ್ಟಂತ ಅಲ್ಲ. ಸ್ಪೀಕರ್ ಕೇಳಿ ನಕ್ಕಾಗ ಕೈ ತಮ್ಮ ತಮ್ಮ ರಾಶಿಗೆ ಹೋಗತಿತ್ತು, ಅಷ್ಟ. ಎದುರಿಗೆ ಕುಂತ ಕವಿತಾಗೂ ಅದು ಕಾಣಲಿಲ್ಲ. ಕಾಣಬೇಕಿತ್ತು. ಹೊಗಳಿಕಿ ನೆತ್ತಿಗೇರಿದಾಗ ಎದುರಿಗಿದ್ದದ್ದು ಯಾರಿಗೆ ಕಾಣತೈತಿ?

ಒಂದು ಸಂಜಿ ಪ್ರವೀಣಕುಮಾರ ಯಂಕವ್ವನ ಕಟ್ಟು ಬಿಚ್ಚಿ ನೋಡಿ, "ಆಯಿ, ಇದೇನ್ರಿ, ಕರೀದ್ರಾಗ ಬಿಳಿ ಹಂಗ ಉಳದಾವಲ್ಲ" ಅಂದ.

"ಕಣ್ಣಾಗ ಬೆವರು ಇಳದಿತ್ತೋ ಯಪ್ಪಾ" ಅಂದ್ಲು ಯಂಕವ್ವ.

ಮರುದಿನಾನೂ ಹಂಗ ಆತು, ಅದರ ಮರುದಿನಾನೂ. ಕಡಿಗೆ ಅಂವ, "ನೀವು ಬಾಗಲ ಕಡೆ ಕುಂತು ಬರೇ ಉಂಡಿ ಸಡಿಲ ಮಾಡ್ರಿ, ಬಿಳಿ ಹೆಕ್ಕೂ ಉಸಾಬರಿ ಬ್ಯಾಡ" ಅಂದ. ಮೆತ್ತಗನ ಅಂದ. ಆದ್ರ ಬಾಗಲ ಕಡೆ ಕುಂಡರೂದು ಹೊಸದಾಗಿ ಬಂದೋರ ಜಾಗಾ, ಕವಿತಾನೂ ಮೊದಲಿಗೆ ಅಲ್ಲೇ ಕುಂತಿದ್ಲು. ಯಂಕವ್ವ ಎದ್ದು, ಗ್ವಾಡಿ ಹಿಡಕೊಂಡು, ಬಾಗಲ ಕಡೆ ಹೋಗಿ ಕುಂತ್ಲು. ಸ್ಪೀಕರಿನ್ಯಾಗ ಅಳೂ ಜಡ್ಜುಗಳ ಕಥಿ ನಡದಿತ್ತು. ಮಹೇಶ್ವರಿ ನಗತಿದ್ಲು. ಕವಿತಾಗ ಅನಸಿದ್ದು ಇಷ್ಟ: ವಯಸ್ಸಾತು, ಲಕ್ಷ್ಯ ಕಡಿಮಿ ಆಗೈತಿ. ಮುಂದಿನ ಸೋಮಾರದಿಂದ ಯಂಕವ್ವ ಕೆಲಸಕ್ಕ ಬರಲಿಲ್ಲ.

ನಾಕು ದಿನ ಕಳದ ಮ್ಯಾಲ ಹಿತ್ತಲದ ನಳದಾಗ ಬುತ್ತಿ ಡಬ್ಬಿ ತೊಳಿಯೂ ಮುಂದ ಕವಿತಾ ಕೇಳಿದ್ಲು, "ಯಂಕವ್ವಾಯಿ ಯಾಕ ಬರವಲ್ಲು ಆಪಾ? ಮತ್ತ ಹುಲಿಗಿಗೆ ಹೋದ್ಲೇನು?"

ಇಮಾಮಬಾನು ಡಬ್ಬಿ ತಿಕ್ಕೂದು ನಿಂದ್ರಿಸಿದ್ಲು. "ಅವತ್ತೂ ಹುಲಿಗಿಗೆ ಹೋಗಿರಲಿಲ್ಲ. ಕಣ್ಣು ತೋರಸಾಕ ಹೋಗಿದ್ಲು. ಕಣ್ಣಿನ ನರ ಒಣಗ್ಯಾವ, ತಡಾ ಮಾಡಿ ಬಂದೀರಿ, ಇನ್ನ ಇದ್ದಷ್ಟು ಉಳಿಸಿಕೋಬೇಕು ಅಂತ ಡಾಕ್ಟರ್ ಅಂದ್ರಂತ. ಆಕಿಗೆ ಕರೀದು ಬಿಳೀದು ಬ್ಯಾರೆ ಕಾಣೂದು ನಿಂತು ಭಾಳ ದಿನ ಆತವ್ವ."

"ಮತ್ತ ಇಷ್ಟು ದಿನ ಹೆಂಗ ಆರಸತಿದ್ಲು?"

"ಆಕಿ ಎಲ್ಲಿ ಆರಸತಿದ್ಲು? ನಾವು ಆರಸತಿದ್ವಿ. ನೀನೂ ಮುಷ್ಟಿ ಮುಷ್ಟಿ ಎಳಕೊಂಡೀಯಲ್ಲ, ಗೊತ್ತಿಲ್ಲೇನು? ಆಕಿ ಸಿಕ್ಕು ಬಿಡಸಾಕಿ, ಅದು ಕೈಗೆ ತಿಳಿತೈತಿ. ಬಿಳಿ ಹೆಕ್ಕೂದೆಲ್ಲಾ ನಮ್ಮ ಕೈಯಾಗ ಆಗತಿತ್ತು. ನಗಿಸಿದಾಕಿ ಪಾಲು ನಕ್ಕೋರು ಮಾಡಬೇಕು, ಅದು ಆಕಿ ಗಂಗಾವತಿ ಗದ್ದಿಯಿಂದ ತಂದ ರೂಢಿ."

ಕವಿತಾ ನಳ ಬಂದ್ ಮಾಡಿದ್ಲು. "ನನಗ ಯಾಕ ಹೇಳಲಿಲ್ಲ ಆಪಾ? ಹೇಳಿದ್ರ ನಾ ಅವತ್ತ ಫೋನ್ ಹೊರಗ ತಗೀತಿದ್ನೇನು?"

"ಏನಂತ ಹೇಳಲಿ? ನಾನೂ ಮರತೆ." ಇಮಾಮಬಾನು ಕಣ್ಣೆತ್ತಲಿಲ್ಲ. "ಆಕಿ ಬಾಜೂ ಕುಂತಾಕಿ ನಾನು. ಆಕಿ ಮಾತು ಕೇಳಿದ್ರ ನನ್ನ ಕೈ ತಾನ ಆಕಿ ರಾಶಿಗೆ ಹೋಗತಿತ್ತು, ಬ್ಯಾಡ ಅಂದ್ರೂ ನಿಂದ್ರತಿರಲಿಲ್ಲ. ಆಕಿ ಸುಮ್ಮನಾದ್ಲು, ಕೈನೂ ಸುಮ್ಮನಾತು. ಬಾಗಲ ಕಡೆ ಎದ್ದು ಹೋದಾಗ ನನಗ ಎಚ್ಚರಾತು. ನಿನ್ನೊಬ್ಬಾಕಿನ್ನ ಬೈಯಾಕ ನನಗ ಬಾಯಿ ಇಲ್ಲ ಬಿಡು."

ಬೈದಿದ್ರ ಛಲೋ ಇತ್ತು ಅನಸಿತು ಕವಿತಾಗ. ಬೈಗುಳ ಉಂಡು ಅರಗಿಸಿಕೊಬಹುದು. ಇದು ಎದ್ಯಾಗ ಕೂದಲಾ ಸಿಕ್ಕಂಗ ಕುಂತು ಬಿಟ್ಟಿತು. ಅವತ್ತ ಡಬ್ಬಿ ಸುತ್ತ ಕೈ ಆಡಿಸಿ "ಈಕಿ ಪಾಲಿನ ಕೂದಲಾ ಎಲ್ಲಿ" ಅಂತ ಕೇಳಿದ್ಲಲ್ಲ, ಆ ಮಾತು ಈಗ ತಿಳೀತು. ಮಂದಿ ಅದನ್ನ ನಗಿಚಾಟಿ ಅಂದುಕೊಂಡ್ರು. ಆಕಿ ರೂಢಿ ಪ್ರಕಾರ ಕೇಳಿದ್ಲು. ತನ್ನ ಜಾಗಾಕ್ಕ ಬಂದಾಕಿಗೂ ಮರ್ಯಾದಿ ಕೊಡಾಕ ನೋಡಿದ್ಲು. ಕವಿತಾಗ ತನ್ನ ಮ್ಯಾಲ ತನಗ ಹೇಸಿಕಿ ಬಂತು. ನಾಕು ಮಂದಿ ಹೆಸರು ಹಿಡದು ಕರದ್ರು ಅಂತ ಒಂದು ಜೀವದ ಅನ್ನದ ಮ್ಯಾಲ ಕುಂತಿದ್ಲು.

ಐತವಾರ ಹೋದ್ಲು, ಯಂಕವ್ವನ ತಂಗಿ ಮನಿಗೆ. ಯಂಕವ್ವ ಟೀವಿಗೆ ಕಿವಿ ಹಚ್ಚಿ ಕುಂತಿದ್ಲು, ಮಾರಿ ಇತ್ಲಾಗ ಗ್ವಾಡಿ ಕಡೆ.

"ಯಾರು, ಕವಿತಾ? ಬಾರವ್ವ. ಟೀವಿ ನೋಡಾಕ ಕಣ್ಣು ಬೇಕಂತ ಯಾರು ಹೇಳ್ಯಾರ? ಅಳೂದು ಕೇಳಿದ್ರ ಸಾಕು, ಸೊಸಿನ ಅಂತ ತಿಳೀತೈತಿ." ತಂಗಿ ಒಳಗಿಂದ ಚಾ ತಂದು ಕೊಟ್ಟು, ಮಾತಾಡದ ಹಂಗ ಒಳಗ ಹೋದ್ಲು. ಆ ಮನ್ಯಾಗ ಯಂಕವ್ವ ಧ್ವನಿ ಸಣ್ಣದು ಮಾಡಿ ಮಾತಾಡತಿದ್ಲು. ಶೆಡ್ಡಿನ್ಯಾಗಿನ ದನಿ ಅದಲ್ಲ.

"ಆಯಿ, ನನ್ನದು ತಪ್ಪಾತು. ನನಗ ಗೊತ್ತಿರಲಿಲ್ಲ."

"ನಿನ್ನದೇನು ತಪ್ಪು? ಹೊಸ ನೀರು ಬಂತು, ಹಳೇ ನೀರು ಕೊಚ್ಚಿಕೊಂಡು ಹೋತು. ಕಾಲುವಿ ಸೀಮ್ಯಾಗ ಇದ್ದಾಕಿ ನಾನು, ನನಗ ತಿಳಿಯಂಗಿಲ್ಲೇನು?"

"ನಾಳಿ ನೀ ಬರಬೇಕು. ಫೋನ್ ಹಚ್ಚಂಗಿಲ್ಲ. ಪ್ರವೀಣಣ್ಣಗ ನಾ ಹೇಳೀನಿ, ನಿನ್ನ ಜಾಗಾದಾಗ ನೀ ಕುಂಡರಬೇಕು, ನೀ ಹೇಳಬೇಕು. ಎಲ್ಲಾರೂ ಹಾದಿ ನೋಡಾಕತ್ಯಾರ."

ಯಂಕವ್ವ ಕೈಲೆ ನೆಲ ಸವರಿ ಚಾದ ಕಪ್ಪು ಕೆಳಗ ಇಟ್ಟು, "ಆ ಫೋನಿನ್ಯಾಗಿನ ತಂಗೀದು ತಂದೀಯೇನು? ಹಚ್ಚು ಒಂದೀಟು" ಅಂದ್ಲು. ಕವಿತಾಗ ಆಶ್ಚರ್ಯಾತು, ಸಮಾಧಾನಾನೂ ಆತು. ಸಿಟ್ಟಿಲ್ಲ ಮುದುಕಿಗೆ ಅಂದುಕೊಂಡು ಹಚ್ಚಿದ್ಲು. ಯಂಕವ್ವ ಕಣ್ಣು ಮುಚ್ಚಿ ಕೇಳಿದ್ಲು. ತುಟಿ ಸಣ್ಣಗ ಅಲಗತಿದ್ದವು. ಸಂಡಾಸದ ಮಾತು ಬಂದಾಗ "ಇದನ್ನ ಇನ್ನೊಮ್ಮೆ ಹಚ್ಚು" ಅಂದ್ಲು. ಅದಾದ ಮ್ಯಾಲ ಇನ್ನೊಮ್ಮೆ ಅಂದ್ಲು. ಕೇಳಿ ನಗಲಿಲ್ಲ. ನಗಲಾರದ ಕೇಳಿದ್ಲು, ಸಾಲಿ ಹುಡುಗರು ಪದ್ಯಾ ಬಾಯಿಪಾಠ ಮಾಡೂ ಹಂಗ. ಅಲ್ಲಿ ಸೈತ ಕವಿತಾಗ ತಿಳೀಲಿಲ್ಲ ನೋಡ್ರಿ. ಆಕಿಗೆ ಪುಸ್ತಕ ಸೇರೈತಿ ಅಂತ ಹೆಮ್ಮಿ ಪಟ್ಟಳು, ಹುಚ್ಚಿ.

ಸೋಮಾರ ಯಂಕವ್ವ ಬಂದ್ಲು. ತೊಳದ ಸೀರಿ ಉಟ್ಟು, ಎಣ್ಣಿ ಹಚ್ಚಿ ತಲಿ ಬಾಚಿಕೊಂಡು ಬಂದಿದ್ಲು. ಇಮಾಮಬಾನು ಕೈ ಹಿಡದು ಹಳೇ ಜಾಗಾಕ್ಕ ಕರಕೊಂಡು ಹೋಗಿ ಕುಂಡರಿಸಿದ್ಲು. ಸ್ಪೀಕರಿನ ವಾಯರು ಕವಿತಾ ಮೊದಲ ಕಿತ್ತಿದ್ಲು. ಎಲ್ಲಾರಿಗೂ ಮುಂಜಾನಿನ ಹೇಳಿದ್ಲು, ಕಣ್ಣಿಂದು, ಮುಷ್ಟೀದು, ಎಲ್ಲಾ. ಹೇಳಬಾರದಿತ್ತು. ಒಳ್ಳೇದು ಮಾಡತೀನಿ ಅನ್ನೂ ಹುಕಿ ಕೆಟ್ಟದು ಮಾಡೂ ಹುಕಿಕಿಂತ ಹೊಲಸು, ಅದಕ್ಕ ಲಗಾಮಿಲ್ಲ.

ಯಂಕವ್ವನ ಮುಂದ ಕೂದಲಿನ ರಾಶಿ ಸುರುವಿದ್ರು. ಶೆಡ್ಡು ಗಪ್‌ಚುಪ್ ಆತು. ಹಿಂದೆಂದೂ ಹಂಗ ಆಗಿರಲಿಲ್ಲ. ಆಕಿ ಹೇಳೂ ಮುಂದ ಮಂದಿ ಮಾತಾಡಕೋತ, ಜಗಳಾಡಕೋತ ಇರತಿದ್ರು, ಆಕಿ ಅವರ ಕಿವಿ ಹಿಂಡಿ ತನ್ನ ಕಡೆ ಎಳಕೋತಿದ್ಲು. ಇವತ್ತ ಎಲ್ಲಾರೂ ಕೈ ಕಟ್ಟಿ ದೇವರ ಮುಂದ ಕುಂತಂಗ ಕುಂತಿದ್ರು.

ಯಂಕವ್ವ ಗಂಟಲು ಸರಿ ಮಾಡಿಕೊಂಡ್ಲು. "ಧಾರಾವಾಹಿ ಮನ್ಯಾಗ ಹದಿನಾರು ಮಂದಿ ಅದಾರವ್ವ..."

ಯಂಕವ್ವನ ಬಾಯಾಗ ಆ ಪುಸ್ತಕದ ಮಾತು. ಇವರಿಗೆ ಅದು ಸೇರೈತಿ ಅಂತ, ಇನ್ನ ಅದನ್ನ ಹೇಳಬೇಕು ಅಂತ, ನಿನ್ನಿ ಕಣ್ಣು ಮುಚ್ಚಿ ಕಲತು ಬಂದಿದ್ಲು. ಬಾಗಲಾ ತಗಿಯೂ ಸೊಸಿನ್ನ ಬಿಟ್ಟು, ತಿರುಗಾಡೂ ಹಾಲಿನ ಗ್ಲಾಸು ಬಿಟ್ಟು, ತನ್ನದೆಲ್ಲಾ ಬಿಟ್ಟು ಬಂದಿದ್ಲು.

"...ಒಂದರೆ ಸಂಡಾಸ..."

ಮಾತು ಮುಗಿಯೂಕಿಂತ ಮೊದಲ ಮಂದಿ ನಕ್ಕುಬಿಟ್ಟರು. ಜೋರಾಗಿ, ಒಟ್ಟಿಗೆ ನಕ್ಕರು. ಯಂಕವ್ವ ತಡದ್ಲು. ನಗಿ ಯಾವಾಗ ಏಳತೈತಿ, ಯಾವಾಗ ಇಳೀತೈತಿ ಅನ್ನೂದು ಆಕಿಗೆ ಕಣ್ಣಿದ್ದಾಗಿಂದನೂ ಕಿವಿಲೆನ ಗೊತ್ತು. ಈ ನಗಿ ಹೊತ್ತಿಗೆ ಮೊದಲ ಬಂದಿತ್ತು. ಆಕಿ ಉಳದ ಮಾತು ಹೇಳಿದ್ಲು, ಅವರ ಮಾರಿ ಯಾಕ ಬಿಗದಿರತಾವು ಅನ್ನೂದನ್ನ. ಹೇಳೂ ಮುಂದ ಒಂದು ಶಬ್ದ ಹಿಂದ ಮುಂದ ಆತು, ಮತ್ತ ಸರಿ ಮಾಡಿಕೊಂಡ್ಲು. ಮಂದಿ ಮತ್ತ ನಕ್ಕರು, ಮೊದಲಿನಷ್ಟ ಜೋರಾಗಿ. ಮಹೇಶ್ವರಿ ಚಪ್ಪಾಳಿ ಸೈತ ಹೊಡದ್ಲು.

ಅಷ್ಟೊತ್ತಿಗೆ ಕೈಗಳು ಹೊಂಟಿದ್ದವು. ಎಡಕ್ಕಿಂದ, ಬಲಕ್ಕಿಂದ, ಹಿಂದಿನ ಸಾಲಿನಿಂದ ಎದ್ದು ಬಂದು ಸೈತ, ಎಲ್ಲಾರೂ ಯಂಕವ್ವನ ರಾಶಿಯಿಂದ ಮುಷ್ಟಿ ಮುಷ್ಟಿ ಎಳಕೊಂಡ್ರು. ಹಿಂದ ನಗೂ ಭರದಾಗ ಹೋಗತಿದ್ದ ಕೈಗೆ ತಾ ಹೊಂಟಿದ್ದು ತನಗ ಗೊತ್ತಿರತಿರಲಿಲ್ಲ. ಇವತ್ತ ಎಲ್ಲಾರೂ ನೋಡಿ, ಎಣಿಸಿ, ಪಾಪ ಅಂದುಕೊಂಡು ತಗೊಂಡ್ರು. ಎಲ್ಲಾರಕಿಂತ ದೊಡ್ಡ ಮುಷ್ಟಿ ಕವಿತಾಂದು.

ಯಂಕವ್ವ ಸಿಕ್ಕು ಹುಡುಕಾಕ ರಾಶಿಗೆ ಕೈ ಇಟ್ಟಳು. ಕೈಗೆ ನೆಲದ ತಾಡಪಾಲು ಹತ್ತಿತು. ಆ ಕಡೆ ಈ ಕಡೆ ಸವರಿದ್ಲು. ಒಂದೀಟು ಕೂದಲಾ, ಅದರ ಆಚೆ ಕವಿತಾನ ಮುಷ್ಟಿ ಸಿಕ್ಕಿತು. ಅದನ್ನ ಹಿಡಕೊಂಡ್ಲು.

"ಯಾರಿದು?"

"ನಾನು ಆಯಿ, ಕವಿತಾ."

ನಗಿ ಒಂದೊಂದ ಕಡೆಯಿಂದ ಆರಿ ಹೋತು. ಯಂಕವ್ವನ ಮಾರಿ ಮ್ಯಾಲ ಸಿಟ್ಟೂ ಇರಲಿಲ್ಲ, ಅಳೂನೂ ಇರಲಿಲ್ಲ.

"ಬಿಡವ್ವ" ಅಂದ್ಲು. "ಇವತ್ತ ನಾ ಯಾರನ್ನೂ ನಗಸಿಲ್ಲ."

ಮೊದಲು ಇಮಾಮಬಾನು ತನ್ನ ಮುಷ್ಟಿ ತಂದು ರಾಶಿ ಮ್ಯಾಲ ಇಟ್ಟಳು. ಆಮ್ಯಾಲ ಮಹೇಶ್ವರಿ, ಆಮ್ಯಾಲ ಉಳದೋರು, ಒಬ್ಬೊಬ್ಬರ ಎದ್ದು ಬಂದು ಇಟ್ಟು ಹೋದ್ರು. ಕವಿತಾಗ ಮಾತ್ರ ಕೈ ಬಿಚ್ಚಾಕ ಆಗಲಿಲ್ಲ. ಬಿಚ್ಚಿದ್ರ ಎಲ್ಲಾ ಮುಗದಂಗ ಅನಸಿತ್ತು. ಯಂಕವ್ವ ಆ ಮುಷ್ಟಿನ್ನ ತನ್ನ ತೊಡೀ ಮ್ಯಾಲ ಇಟ್ಟುಕೊಂಡು, ಬೆರಳು ಒಂದೊಂದ ಬಿಡಿಸಿ, ತನ್ನ ಪಾಲಿನ ಕೂದಲಾ ತಾನ ತಿರುಗಿ ತಗೊಂಡ್ಲು.